ತಾಯಿ ಹೊರಗಿರಲಿ

ಮೊದಲು ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಅವರು ಈ ಚಳಿಗಾಲದಲ್ಲಿ ತೀರಿಕೊಂಡರು. ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು, ಕುರ್ಚಿಯಲ್ಲಿ ಕೂತು, ನೀರು ಕೇಳಿದರಂತೆ. ನೀರು ತರುವಷ್ಟರಲ್ಲಿ ತಲೆ ಮೇಜಿನ ಮೇಲಿತ್ತು. ರಿಯಾದಿನಲ್ಲೇ ಮಣ್ಣು ಮಾಡಿದರು. ಇಲ್ಲಿ ಹೆಂಗಸರು ದಫನದ ಜಾಗಕ್ಕೆ ಹೋಗುವ ಕ್ರಮವಿಲ್ಲ. ಇದ್ದಿದ್ದರೂ ನಾನು ಅವರ ಮತದವಳಲ್ಲ. ಮರುದಿನ ಶಾಲೆಯಲ್ಲಿ ಮೌನ ಆಚರಿಸಿ, ಗಂಟೆ ಹೊಡೆದು, ಮಕ್ಕಳನ್ನು ತರಗತಿಗೆ ಕಳಿಸಿದರು ಎಂದು ಕೇಳಿದೆ. ಅದು ಸರಿಯೇ. ಅವರಿದ್ದರೂ ಹಾಗೆಯೇ ಮಾಡಿಸುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ರಿಯಾದಿನ ಮಲಾಜ್ ಬಡಾವಣೆಯಲ್ಲಿದ್ದ ನಮ್ಮ ಕರಾವಳಿಯವರೆಲ್ಲ ಅವರನ್ನು ಟೀಚರ್ ಎಂದಷ್ಟೇ ಕರೆಯುತ್ತಿದ್ದರು. ನಮ್ಮ ಬಡಾವಣೆಯಲ್ಲಿ ಟೀಚರುಗಳು ಬೇಕಾದಷ್ಟಿದ್ದರೂ ಆ ಕರೆ ಅವರೊಬ್ಬರಿಗೇ ಸಲ್ಲುತ್ತಿತ್ತು.

ನಾನು ಅದೇ ಇಂಡಿಯನ್ ಶಾಲೆಯ ಹುಡುಗಿಯರ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದು ಈಗ ಕೆಲಸ ಬಿಟ್ಟವಳು. ಉಡುಪಿಯ ಕಡೆ ಸಿಸ್ಟರ್‌ಗಳ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವಳು. ಗಂಟೆ ಹೊಡೆದ ಮೇಲೆ ಕಾರಿಡಾರಿನಲ್ಲಿ ಒಂದು ಜೀವವೂ ಕಾಣಬಾರದು ಎನ್ನುವುದು ನನ್ನ ಶಿಸ್ತು. ಅವರು ಮಾತ್ರ ಯಾವಾಗಲೂ ಕಾಣುತ್ತಿದ್ದರು. ಬಗಲಲ್ಲಿ ಗಣಿತದ ಪುಸ್ತಕ, ಹಲ್ಲಿನ ನಡುವೆ ಮಾರ್ಕರ್‌ನ ಮುಚ್ಚಳ, ಎದುರಿಗೆ ಕಣ್ಣು ಕೆಂಪಾದ ಒಬ್ಬ ಹುಡುಗಿ. ನಾನು ಕೈಗಡಿಯಾರ ತೋರಿಸಿದರೆ ಅವರು ತಮ್ಮ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅದರ ಮುಖ ಮಣಿಕಟ್ಟಿನ ಒಳಬದಿಗಿರುತ್ತಿತ್ತು. ನೋಡಿ, "ಹೌದು ಮೇಡಂ, ಲೇಟಾಯ್ತು" ಎಂದು ಒಪ್ಪಿಕೊಂಡು ಅಲ್ಲಿಯೇ ನಿಲ್ಲುತ್ತಿದ್ದರು. ಒಪ್ಪಿಕೊಳ್ಳುವವರ ಜತೆ ಜಗಳವಾಡಲು ನನಗೆ ಬರುವುದಿಲ್ಲ. ನಮ್ಮ ಗೆಳೆತನ ಶುರುವಾದದ್ದು ಹೀಗೆ.

ತರಗತಿಯಲ್ಲಿ ಅವರದೊಂದು ಮಾತಿತ್ತು. ಹುಡುಗಿಯೊಬ್ಬಳು ಲೆಕ್ಕದ ಉತ್ತರ ಹೇಳಿದರೆ, "ಉತ್ತರ ಸರಿ. ದಾರಿ ಎಲ್ಲಿ?" ಎನ್ನುತ್ತಿದ್ದರು. ದಾರಿ ತೋರಿಸದೆ ಬಂದ ಸರಿಯುತ್ತರಕ್ಕೆ ಅವರಲ್ಲಿ ಅಂಕವಿರಲಿಲ್ಲ. ಈ ಬಗ್ಗೆ ತಂದೆತಾಯಿಯರ ದೂರುಗಳು ನನ್ನ ಮೇಜಿಗೆ ಬರುತ್ತಿದ್ದವು. ನಾನು ಅವರ ಪರವಾಗಿಯೇ ಉತ್ತರಿಸುತ್ತಿದ್ದೆ.

ಅವರ ಊರು ಪುತ್ತೂರಿನ ಕಡೆ, ಬ್ಯಾರಿ ಮುಸ್ಲಿಮರು. ಗಂಡ ದೂರದ ಜಿಜಾನಿನ ಬಂದರಿನಲ್ಲಿ ಗೋದಾಮಿನ ಮೇಲ್ವಿಚಾರಕ; ತಿಂಗಳಿಗೊಮ್ಮೆ ಬಂದು ಹೋಗುವವರು. ಒಬ್ಬಳೇ ಮಗಳು, ಶೈಮಾ. ಟೀಚರ್ ಮತ್ತು ಮಗಳು ಮಲಾಜಿನ ಒಂದು ದಿನಸಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದರು. ಅಡುಗೆಯಲ್ಲಿ ಟೀಚರ್ ಅಷ್ಟಕ್ಕಷ್ಟೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದರು. ಆ ಮನೆಗೆ ಕಾಲಿಟ್ಟರೆ ಸೀದ ಹಾಲಿನ ವಾಸನೆ ಮೊದಲು ಎದುರಾಗುತ್ತಿತ್ತು. ನಾನು ಒಳಗೆ ಹೋದವಳೇ ಒಲೆ ನೋಡಿ, ಬಾಗಿಲ ಹೊರಗಿನ ಚಪ್ಪಲಿಗಳನ್ನು ಜೋಡಿಸಿ, ಆಮೇಲೆ ಕೂರುತ್ತಿದ್ದೆ.

ಇಲ್ಲಿ ಬೆಳೆದ ಮಕ್ಕಳ ವಿಷಯ ಸ್ವಲ್ಪ ಹೇಳಬೇಕು. ಹನ್ನೆರಡನೇ ತರಗತಿ ಮುಗಿದ ಮೇಲೆ ನಮ್ಮ ಹುಡುಗಿಯರು ಕಾಲೇಜಿಗೆ ಊರಿಗೆ ಹೋಗಬೇಕು. ಊರು ಎನ್ನುವುದು ನಮ್ಮ ಪಾಲಿಗೆ. ಅವರಿಗೆ ಅದು ರಜೆಗೆ ಹೋಗಿ ಅಜ್ಜಿಯ ಕೈಯ ಪತ್ರೊಡೆ ತಿಂದು ಬರುವ ಜಾಗ. ಶಾಲೆಯ ಬಸ್ಸಿನಲ್ಲಿ ಹೋಗಿ ಶಾಲೆಯ ಬಸ್ಸಿನಲ್ಲಿ ಬಂದವರು. ಒಬ್ಬಳೇ ರಸ್ತೆ ದಾಟಿದವಳಿಲ್ಲ, ಬ್ಯಾಂಕಿನೊಳಗೆ ಕಾಲಿಟ್ಟವಳಿಲ್ಲ. ಅವರನ್ನು ನಾವು ಜೂನ್ ತಿಂಗಳಲ್ಲಿ ವಿಮಾನಕ್ಕೆ ಹತ್ತಿಸಿ, ಡಾಕ್ಟರಾಗಿ ಬಾ ಎಂದು ಕೈಬೀಸುತ್ತೇವೆ.

ಶಾಲೆಯಲ್ಲಿ ವರ್ಷಕ್ಕೊಮ್ಮೆ ಹಳೆ ವಿದ್ಯಾರ್ಥಿನಿಯರ ದಿನ ಆಚರಿಸುತ್ತಿದ್ದೆವು. ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಶುರುವಾಗಿ ಹೊತ್ತಿಗೆ ಸರಿಯಾಗಿ ಮುಗಿಯುವಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಒಮ್ಮೆ, ಊರಿನಲ್ಲಿ ಓದುತ್ತಿದ್ದ ಒಬ್ಬ ಹುಡುಗಿ ಸ್ಮರಣಿಕೆ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಚೆಂದದ ಭಾಷಣ ಮಾಡುತ್ತಿದ್ದಳು. ಪರಿಶ್ರಮ, ವೇಳಾಪಟ್ಟಿ, ಆತ್ಮವಿಶ್ವಾಸ. ತಾಯಂದಿರು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದರು. ಪಕ್ಕದಲ್ಲಿದ್ದ ಟೀಚರ್ ನನ್ನ ಕಿವಿಯ ಹತ್ತಿರ ಬಾಗಿದರು.

"ಸುಳ್ಳು ಹೇಳ್ತಾಳೆ."

"ಯಾರು?"

"ಇವಳೇ. ಮೊನ್ನೆ ನನ್ನ ಅಡುಗೆಮನೆಯಲ್ಲಿ ಕೂತು ಅತ್ತದ್ದು ನೋಡ್ಬೇಕಿತ್ತು ನೀವು. ಮೊದಲನೇ ವರ್ಷ ಇಡೀ ರೂಮಿನ ಬಾಗಿಲು ಹಾಕಿ ಬಿಸ್ಕೆಟ್ ತಿಂದು ದಿನ ಕಳೆದದ್ದಂತೆ. ಮೆಸ್ಸಿಗೆ ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ."

"ಅದನ್ನು ಸ್ಟೇಜಿನಲ್ಲಿ ಹೇಳ್ಲಿಕ್ಕೆ ಆಗ್ತದಾ ಟೀಚರ್?"

"ಆಗುದಿಲ್ಲ. ಅದಕ್ಕೇ ಸ್ಟೇಜ್ ಬೇಡ" ಎಂದರು.

ಆ ವರ್ಷದ ಜೂನಿನಲ್ಲಿ, ಬೇಸಿಗೆ ರಜೆ ಬೀಳುವ ಮೊದಲಿನ ಒಂದು ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜಿನ ನಂತರ, ಟೀಚರ್ ತಮ್ಮ ಮನೆಗೆ ಹನ್ನೆರಡನೇ ತರಗತಿ ಮುಗಿಸಿದ ಹುಡುಗಿಯರನ್ನೂ ಅವರ ತಾಯಂದಿರನ್ನೂ ಕರೆದರು. ರಜೆಗೆ ಬಂದಿದ್ದ ಹಳೆಯ ಹುಡುಗಿಯರನ್ನೂ ಕರೆದರು. ಕೆಳಗೆ ಹಾಸಿದ ಕಾರ್ಪೆಟ್, ಗೋಡೆಗೆ ಒರಗಿಸಿದ ದಿಂಬುಗಳು, ಚಹಾ, ಗೋಳಿಬಜೆ. ಗೋಳಿಬಜೆ ನನ್ನದು.

ಮೊದಲ ವರ್ಷ ಏನೂ ಆಗಲಿಲ್ಲ. ಬಿಸ್ಕೆಟಿನ ಹುಡುಗಿಯನ್ನು ಮಾತಾಡು ಎಂದರೆ ಪಕ್ಕದಲ್ಲಿದ್ದ ಅವಳ ತಾಯಿಯೇ ಉತ್ತರಿಸಿದಳು: "ಇವಳಿಗೆ ಎಂತ ತೊಂದರೆಯೂ ಆಗ್ಲಿಲ್ಲಪ್ಪ. ಹಾಸ್ಟೆಲ್ ಅಂದ್ರೆ ಮನೆಯ ಹಾಗೆಯೇ." ಹುಡುಗಿ ಕಾರ್ಪೆಟ್ಟಿನ ಹೂವನ್ನು ಉಗುರಿನಿಂದ ಕೆರೆಯುತ್ತ ಕೂತಳು. ಅಂದು ಟೀಚರ್ ಪಾತ್ರೆ ತೊಳೆಯುತ್ತ ಹೇಳಿದರು: "ತಪ್ಪು ನಮ್ಮದು ಮೇಡಂ. ಮಕ್ಕಳು ನಿಜ ಹೇಳುದು ಬೇರೆಯವರ ತಾಯಿಗೆ. ಮುಂದಿನ ಸಲ ಹೆತ್ತವಳು ಹೊರಗಿರಲಿ."

ಮರುವರ್ಷದಿಂದ ಹಾಗೆಯೇ ನಡೆಯಿತು. ಯಾವ ಹಳೆ ಹುಡುಗಿ ಮಾತಾಡುತ್ತಾಳೋ ಅವಳ ತಾಯಿ ಅಡುಗೆಮನೆಗೆ ಹೋಗಿ ಚಹಾ ಮಾಡಬೇಕು. ಬಾಗಿಲು ಹಾಕಬೇಕು. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು, ಅಡುಗೆಮನೆಗಂತೂ ಹೋಗಲೇಬಾರದು. ಮತ್ತೊಂದು ಕಟ್ಟಳೆಯೂ ಇತ್ತು: ಇಂಗ್ಲಿಷ್ ಬೇಡ. ನಮ್ಮಲ್ಲಿ ಬ್ಯಾರಿ ಭಾಷೆಯವರು, ಭಟ್ಕಳದ ನವಾಯತಿ ಮಾತಿನವರು, ತುಳುವಿನವರು, ನನ್ನಂತೆ ಕೊಂಕಣಿಯವರು. ಎಲ್ಲರಿಗೂ ನಡುವೆ ಕನ್ನಡ. ಮಕ್ಕಳಿಗೆ ಅದು ಸರಿಯಾಗಿ ಬರುತ್ತಿರಲಿಲ್ಲ. "ಬರದಿದ್ರೆ ಒಳ್ಳೆಯದೇ" ಎನ್ನುತ್ತಿದ್ದರು ಟೀಚರ್. "ಇಂಗ್ಲಿಷಿನಲ್ಲಾದ್ರೆ ಭಾಷಣ ಬರ್ತದೆ."

ನಿಜವಾಗಿಯೂ ಹಾಗೆಯೇ ಆಯಿತು. ಶಾಲೆಯ ವೇದಿಕೆಯಲ್ಲಿ ಪಟಪಟನೆ ಉದುರಿಸುತ್ತಿದ್ದ ಹುಡುಗಿಯರು ಆ ಕೋಣೆಯಲ್ಲಿ ತಡವರಿಸಿದರು. ತಡವರಿಸುವಾಗ ಸುಳ್ಳು ಹೇಳಲು ಪುರುಸೊತ್ತಿರುವುದಿಲ್ಲ. ಮೆಲುದನಿಯವಳು ಮಾತಾಡುವಾಗ ಟೀಚರ್ ಎದ್ದು, ಗಡಗಡ ಸದ್ದು ಮಾಡುವ ಕಿಟಕಿಯ ಎ.ಸಿ.ಯನ್ನು ಆರಿಸುತ್ತಿದ್ದರು. ಜೂನಿನ ರಿಯಾದಿನಲ್ಲಿ ಎ.ಸಿ. ಆರಿಸಿದರೆ ಏನಾಗುತ್ತದೆ ಎಂದು ಇಲ್ಲಿದ್ದವರಿಗೆ ಗೊತ್ತು. ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಕೇಳುತ್ತಿದ್ದರು.

ಅಲ್ಲಿ ಕೇಳಿದ ಬುದ್ಧಿಮಾತುಗಳು ನನಗೆ ಇನ್ನೂ ನೆನಪಿವೆ. ಒಬ್ಬಳು ಹೇಳಿದಳು: "ರಾತ್ರಿ ಎಲ್ಲರೂ ಕೂತು ವಿಡಿಯೋ ಕಾಲ್ ಮಾಡ್ಬೇಡಿ. ಅಷ್ಟು ಮುಖ ಒಟ್ಟಿಗೆ ಕಂಡ್ರೆ ನಾವು ನಗ್ಲೇಬೇಕು. ಒಬ್ರೇ ಇರುವಾಗ ಮಾಡಿ." ಇನ್ನೊಬ್ಬಳು, ಭಟ್ಕಳದವಳು: "ಊಟ ಆಯ್ತಾ ಅಂತ ಕೇಳ್ಬೇಡಿ ಆಂಟಿ. ಆಯ್ತು ಅಂತಲೇ ಹೇಳುದು ನಾವು. ಪಲ್ಯ ಎಂತದು ಅಂತ ಕೇಳಿ. ತಿನ್ನದವಳಿಗೆ ಪಲ್ಯ ನೆನಪಾಗುದಿಲ್ಲ." ತಾಯಂದಿರು ನಕ್ಕರು.

ಕಾಲೇಜು ಯಾವುದು ಒಳ್ಳೆಯದು, ಕೋಚಿಂಗ್ ಎಲ್ಲಿ ಎಂದು ಕೇಳಲು ಬಂದವರಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಆದರೆ ಒಂದು ವರ್ಷ ದೂರದ ನಜ್ರಾನ್ ಪಟ್ಟಣದಿಂದ ಬಸ್ಸಿನಲ್ಲಿ ಮಗಳನ್ನು ಕರೆದುಕೊಂಡು ಬಂದಿದ್ದ ಒಬ್ಬ ತಾಯಿ, ಹಳೆಯ ಹುಡುಗಿಯೊಬ್ಬಳ ಮಾತು ಕೇಳಿ, ಊರಿಗೆ ಕಳಿಸುವ ಮೊದಲು ಮಗಳಿಗೆ ರಸ್ತೆ ದಾಟಲು ಕಲಿಸಿದಳು. ಮಗಳು ಮುಂದೆ, ತಾಯಿ ಬಹಳ ಹಿಂದೆ, ಏನೇ ಆದರೂ ತಾಯಿ ಓಡಿ ಬರುವುದಿಲ್ಲ ಎಂಬ ಒಪ್ಪಂದ. ಇದನ್ನು ಕೇಳಿ ಮಲಾಜಿನ ತಾಯಂದಿರೂ ಶುರುಮಾಡಿದರು. ಆ ಬೇಸಿಗೆ, ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಬೀದಿಯಲ್ಲಿ ನೋಡಿದರೆ ಒಬ್ಬಳು ಹುಡುಗಿ ಅಂಗಡಿಗೆ ಹೋಗುತ್ತಿರುವುದು, ದೂರದಲ್ಲಿ ಒಂದು ಕರಿ ಅಬಾಯಾ ಗೋಡೆಯ ಮರೆಯಲ್ಲಿ ನಿಂತಿರುವುದು ಕಾಣುತ್ತಿತ್ತು. ಅವರಲ್ಲಿ ಹೆಚ್ಚಿನ ಹುಡುಗಿಯರು ಓದು ಮುಗಿಸಿದರು. ಡಾಕ್ಟರಾಗದಿದ್ದವರೂ ತಾವು ಆಗಲಾರೆವು ಎಂದು ಸಕಾಲದಲ್ಲಿ ಹೇಳಿ ಬೇರೆ ದಾರಿ ಹಿಡಿದರು. ದಾರಿ ಎಲ್ಲಿ ಎಂದು ಕೇಳುವವರು ಬೇಕಿತ್ತು, ಇದ್ದರು.

ಜುಬೇದಾ ಎಂಬವಳೊಬ್ಬಳಿದ್ದಾಳೆ, ಭಟ್ಕಳದ ವ್ಯಾಪಾರಸ್ಥರ ಮನೆಯವಳು. ಮಲಾಜಿನಲ್ಲಿ ಯಾರ ಮದುವೆ ಮಾತುಕತೆ ನಡೆಯುತ್ತಿದೆ ಎಂದು ಮದುಮಗನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಒಂದು ಸಲ ಆ ಕೋಣೆಯ ಮಾತೊಂದು ಅವಳಿಂದ ಹೊರಗೆ ಹೋಯಿತು. ಮುಂದಿನ ಜೂನಿನಲ್ಲಿ ಟೀಚರ್ ಅವಳನ್ನು ಕರೆಯಲಿಲ್ಲ. ಜುಬೇದಾ ಮೆಟ್ಟಿಲ ಮೇಲೆ ನಿಂತು ಹೇಳಿಕಳಿಸಿದಳು, ಫೋನು ಮಾಡಿದಳು, ಖರ್ಜೂರದ ಡಬ್ಬಿ ಕಳಿಸಿದಳು. ಟೀಚರ್ ಡಬ್ಬಿ ಹಿಂದೆ ಕಳಿಸಿದರು. ಅದರ ಮುಂದಿನ ವರ್ಷ ಕರೆದಾಗ ಜುಬೇದಾ ಬಾಗಿಲಲ್ಲೇ ನನ್ನ ಕೈ ಹಿಡಿದು, "ಇನ್ನು ನನ್ನ ಬಾಯಿಗೆ ಬೀಗ, ಮೇಡಂ. ಕೀಲಿಕೈ ಟೀಚರಲ್ಲಿ ಉಂಟು" ಎಂದಳು.

ಇದು ನಡೆದಾಗ ಶೈಮಾ ಇಲ್ಲಿರಲಿಲ್ಲ. ಮೆಡಿಕಲ್ ಸೇರಿ ಊರಿಗೆ ಹೋಗಿದ್ದಳು.

ಶೈಮಾಳನ್ನು ನಾನು ಚಿಕ್ಕಂದಿನಿಂದ ಬಲ್ಲೆ. ನಮ್ಮ ಸಭೆಗಳಲ್ಲಿ ಗೋಳಿಬಜೆಯ ತಟ್ಟೆ ಹಿಡಿದು ಓಡಾಡುತ್ತಿದ್ದವಳು. ಅಕ್ಕಂದಿರ ಮಾತುಗಳನ್ನೆಲ್ಲ ಕೇಳಿಕೊಂಡೇ ಬೆಳೆದಳು. ಡಾಕ್ಟರಾಗಬೇಕು ಎಂದದ್ದು ಜಿಜಾನಿನ ತಂದೆ. ಟೀಚರ್ ಒತ್ತಾಯ ಮಾಡಿದವರಲ್ಲ. ಬೇಡ ಎಂದವರೂ ಅಲ್ಲ. ಮಗಳು ಬಿಳಿ ಕೋಟು ಹಾಕಿಕೊಂಡು ಕಳಿಸಿದ ಫೋಟೋವನ್ನು ಫೋನಿನ ಪರದೆಗೆ ಹಾಕಿಕೊಂಡಿದ್ದರು. ಯಾರಿಗಾದರೂ ಹೊತ್ತು ಹೇಳಬೇಕಾದರೆ ಕೈಗಡಿಯಾರ ಬಿಟ್ಟು ಫೋನು ತೆಗೆದು ತೋರಿಸುತ್ತಿದ್ದರು. ಆ ಒಂದು ಜಂಬವನ್ನು ಬಿಟ್ಟರೆ ಬೇರೆ ಜಂಬ ನಾನು ಅವರಲ್ಲಿ ಕಂಡಿಲ್ಲ.

ಪ್ರತಿದಿನ ಸಂಜೆ ಒಬ್ಬರೇ ಇರುವಾಗ, ಇಲ್ಲವೇ ನಾನೊಬ್ಬಳೇ ಜತೆಗಿರುವಾಗ, ಮಗಳಿಗೆ ಫೋನು ಮಾಡುತ್ತಿದ್ದರು. ಊಟ ಆಯಿತೇ ಎಂದು ಕೇಳುತ್ತಿರಲಿಲ್ಲ.

"ಪಲ್ಯ ಎಂತದು?"

"ಅಲಸಂಡೆ, ಉಮ್ಮ. ತೆಂಗಿನಕಾಯಿ ಜಾಸ್ತಿ ಆಗಿತ್ತು."

ಫೋನಿಟ್ಟು ನನ್ನತ್ತ ತಿರುಗಿ, "ತಿನ್ತಾ ಇದ್ದಾಳೆ" ಎನ್ನುತ್ತಿದ್ದರು.

ಶೈಮಾ ಮೂರನೇ ವರ್ಷದಲ್ಲಿದ್ದಾಳೆ ಎಂದು ನಾವೆಲ್ಲ ನಂಬಿದ್ದ ಬೇಸಿಗೆಯಲ್ಲಿ ರಜೆಗೆ ಬಂದಳು. ಆ ಶುಕ್ರವಾರ ತಾನೂ ಮಾತಾಡುತ್ತೇನೆ ಎಂದು ಅವಳಾಗಿಯೇ ಹೇಳಿದಳು. ಟೀಚರಿಗೆ ಬಹಳ ಸಂತೋಷವಾಗಿತ್ತು. ಅವಳ ಸರದಿ ಬಂದಾಗ ಯಾರೂ ಹೇಳುವ ಮೊದಲೇ ಎದ್ದರು. "ಕಟ್ಟಳೆ ಕಟ್ಟಳೆಯೇ" ಎಂದು ನಗುತ್ತ ಅಡುಗೆಮನೆಗೆ ಹೋದರು.

"ಟೀಚರ್, ನೀವು ಕೂತ್ರೆ ಎಂತ ಆಗ್ತದೆ? ನಿಮ್ಮದೇ ಮನೆ, ನಿಮ್ಮದೇ ಮಗು" ಎಂದಳು ಜುಬೇದಾ.

"ಅದಕ್ಕೇ" ಎಂದರು.

ಬಾಗಿಲು ಹಾಕಿದ ಸದ್ದು, ಅದರ ಹಿಂದೆಯೇ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನಿನ ಸದ್ದು ಕೇಳಿತು. ಬೇರೆ ತಾಯಂದಿರು ಬಾಗಿಲಿಗೆ ಕಿವಿ ಕೊಡುತ್ತಿದ್ದರು. ನಾನೇ ಎಷ್ಟೋ ಸಲ ಹಿಡಿದಿದ್ದೇನೆ. ಇವರು ತಮಗೆ ಕೇಳಿಸಬಾರದೆಂದು ಫ್ಯಾನು ಹಾಕಿಕೊಂಡರು.

ಶೈಮಾ ಎದ್ದು ಎ.ಸಿ. ಆರಿಸಿದಳು. ತಾಯಿಯ ಹಾಗೆಯೇ.

"ನಾನು ತಾಯಂದಿರಿಗೆ ಹೇಳುದು" ಎಂದು ಶುರುಮಾಡಿದಳು. "ಕಾಲೇಜಿನಲ್ಲಿ ಪೇರೆಂಟ್ಸ್ ನಂಬರ್ ಅಂತ ಬರೆಸ್ತಾರೆ. ಆಬ್ಸೆಂಟ್ ಆದ್ರೆ ಮೆಸೇಜ್ ಬರ್ಲಿಕ್ಕೆ. ಆ ನಂಬರ್ ಯಾರದ್ದು ಅಂತ ನೀವೇ ಕಾಲೇಜಿಗೆ ಫೋನ್ ಮಾಡಿ ಕೇಳಿ. ನಾನು ಕೊಟ್ಟದ್ದು ನನ್ನದೇ ಇನ್ನೊಂದು ನಂಬರ್."

ಯಾರೋ ನಕ್ಕರು. ತಮಾಷೆ ಎಂದುಕೊಂಡರು.

"ಪಲ್ಯ ಎಂತದು ಅಂತ ಕೇಳಿದ್ರೂ ಆಗುದಿಲ್ಲ ಆಂಟಿ. ಅದು ನಮಗೆ ಗೊತ್ತುಂಟು. ನಾನು ಬೆಳಿಗ್ಗೆಯೇ ಒಂದು ಪಲ್ಯ ಯೋಚನೆ ಮಾಡಿ ಇಡ್ತೇನೆ. ಬಿಳಿ ಕೋಟಿನ ಫೋಟೋ ಕಳಿಸಿದ್ರೆ ನಂಬ್ಬೇಡಿ. ಕೋಟು ಅಂಗಡಿಯಲ್ಲಿ ಸಿಗ್ತದೆ." ಕನ್ನಡ ಹುಡುಕುತ್ತಿದ್ದಳು. "ಮೊದಲ್ನೇ ವರ್ಷ ಫೇಲ್ ಆಯ್ತು. ಮತ್ತೆ ಬರೆದೆ, ಮತ್ತೆ ಆಯ್ತು. ಆಮೇಲೆ ನಾನು ಹೋಗ್ಲಿಲ್ಲ. ಹೆಸರು ಕಾಲೇಜಿನಲ್ಲಿ ಉಂಟು, ನಾನು ಇಲ್ಲ. ಬೆಳಿಗ್ಗೆ ರೂಮಿನಿಂದ ಹೊರಡ್ತೇನೆ. ಬಸ್ಸಿನಲ್ಲಿ ಕೊನೆಯ ಸ್ಟಾಪಿನ ತನಕ ಹೋಗ್ತೇನೆ, ವಾಪಸು ಬರ್ತೇನೆ. ಹಾಗೆ ದಿನ ಹೋಗ್ತದೆ."

ಒಳಗೆ ಫ್ಯಾನು ತಿರುಗುತ್ತಲೇ ಇತ್ತು.

"ಉಮ್ಮನ ಹತ್ರ ಯಾಕೆ ಹೇಳ್ಲಿಲ್ಲ ಮಗಾ?" ಎಂದೆ ನಾನು.

"ಉಮ್ಮ ಎಲ್ಲರ ಮಕ್ಕಳನ್ನೂ ಸರಿಮಾಡಿದವರಲ್ವಾ ಆಂಟಿ" ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ.

ಟೀಚರ್ ಚಹಾದ ತಟ್ಟೆ ಹಿಡಿದು ಬಂದರು. "ಎಂತ ಇಷ್ಟು ಗಂಭೀರ? ನನ್ನ ಮಗಳು ಅಷ್ಟು ಬೋರ್ ಹೊಡೆಸಿದ್ಳಾ?" ಎಂದು ಕೇಳಿದರು. ಹೆಂಗಸರು ಚಹಾ ಹೀರಿದರು. ಅಂದು ಎಲ್ಲರೂ ಬೇಗ ಹೋದರು.

ನಾನು ಕಟ್ಟಳೆಯವಳು. ಆದರೆ ಕಟ್ಟಳೆ ಮನುಷ್ಯರಿಗಾಗಿ ಎಂಬಷ್ಟು ನನಗೂ ಗೊತ್ತು. ಮರುದಿನ ಶನಿವಾರ ಟೀಚರನ್ನು ನನ್ನ ಮನೆಗೆ ಕರೆಸಿ ಬಾಗಿಲು ಹಾಕಿದೆ.

"ನಿನ್ನೆ ಶೈಮಾ ಹೇಳಿದ್ದರಲ್ಲಿ ಒಂದು ವಿಷಯ ಉಂಟು" ಎಂದೆ.

ಅವರು ಅಂಗೈ ಎತ್ತಿದರು. ಟ್ರಾಫಿಕ್ ಪೊಲೀಸಿನವನ ಹಾಗೆ. "ಬೇಡ ಮೇಡಂ."

"ಇದು ಬೇರೆ, ಟೀಚರ್."

"ಎಲ್ಲರದ್ದೂ ಬೇರೆಯೇ. ಜುಬೇದಾಳನ್ನು ಒಂದು ವರ್ಷ ಹೊರಗಿಟ್ಟವಳು ನಾನು. ಇವತ್ತು ನನ್ನ ಮಗಳ ಮಾತು ನಾನು ಕೇಳಿಸಿಕೊಂಡ್ರೆ, ಮುಂದಿನ ವರ್ಷ ಯಾವ ಮಗು ಬಾಯಿ ಬಿಡ್ತದೆ?"

"ಬಿಡದಿದ್ರೆ ಬೇಡ. ನೀವು ಒಮ್ಮೆ ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಏನೋ ಇದೆ ಎಂದು ಅವರಿಗೆ ಆ ಕ್ಷಣದಲ್ಲಿ ತಿಳಿಯಿತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. "ಇನ್ನು ಸ್ವಲ್ಪ ದಿನ ಇರ್ತಾಳಲ್ಲ. ನನಗೆ ಹೇಳ್ಬೇಕಾದ್ದನ್ನು ಅವಳೇ ಹೇಳ್ತಾಳೆ" ಎಂದು ಅಬಾಯಾ ಎಳೆದುಕೊಂಡು ಹೊರಟರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡೇ ಇಳಿದರು.

ಆಮೇಲಿನ ದಿನಗಳಲ್ಲಿ ಟೀಚರ್ ಶಾಲೆಯಿಂದ ನೇರ ಮನೆಗೆ ಹೋಗುತ್ತಿದ್ದರು. ಹಾಲು ಸೀಯಲಿಲ್ಲ. ಒಲೆಯ ಮುಂದೆಯೇ ನಿಂತಿರುತ್ತಿದ್ದರು, ಮಗಳು ಬಂದು ಬಾಗಿಲಿಗೆ ಒರಗಲಿ ಎಂದು. ಮಗಳು ಕೋಣೆಯಲ್ಲಿ ಬಾಗಿಲು ತೆರೆದೇ ಇಟ್ಟು ಕೂತಿರುತ್ತಿದ್ದಳು, ತಾಯಿ ಬಂದು ಮಂಚದ ಮೇಲೆ ಕೂರಲಿ ಎಂದು. ಇದು ನನಗೆ ಇಬ್ಬರ ಬಾಯಿಂದಲೂ, ಬೇರೆ ಬೇರೆ ಕಾಲದಲ್ಲಿ ಗೊತ್ತಾಯಿತು. ಅಷ್ಟು ಸಣ್ಣ ಮನೆಯಲ್ಲಿ ಅಡುಗೆಮನೆಗೂ ಆ ಕೋಣೆಗೂ ನಡುವೆ ಎಷ್ಟು ದೂರವಿದ್ದೀತು? ಶೈಮಾಳ ರಜೆ ಮುಗಿಯಿತು. ವಿಮಾನ ನಿಲ್ದಾಣದಲ್ಲಿ ಟೀಚರ್ ಮಗಳಿಗೆ ಹೇಳಿದ್ದು, "ತಲುಪಿದ ಕೂಡಲೇ ಫೋನ್ ಮಾಡು" ಎಂದಷ್ಟೆ.

ಟೀಚರಿಗೆ ವಿಷಯ ಗೊತ್ತಾದದ್ದು ಶೈಮಾಳ ತಂದೆಯಿಂದ. ಊರಿಗೆ ಯಾರದೋ ಮದುವೆಗೆ ಹೋದವರು, ಮಗಳಿಗೆ ಹೇಳದೆ, ಅವಳ ಪ್ರೊಫೆಸರುಗಳಿಗೆಂದು ಖರ್ಜೂರದ ಡಬ್ಬಿಗಳನ್ನು ಹಿಡಿದುಕೊಂಡು ಕಾಲೇಜಿಗೆ ಹೋದರು. ಆಫೀಸಿನವರು ಅವರನ್ನು ಕೂರಿಸಿ, ನೀರು ಕೊಟ್ಟು, ವಿಷಯ ಹೇಳಿದರು. ಅವರು ಅಲ್ಲಿಂದಲೇ ಮಗಳಿಗೆ ಫೋನು ಮಾಡಿ, ಇನ್ನು ನನ್ನ ಮುಖ ನೋಡಬೇಡ ಎಂದರು. ಅವಳು ಅಕ್ಷರಶಃ ಪಾಲಿಸಿದಳು. ರೂಮು ಖಾಲಿ ಮಾಡಿ ಹೋದಳು. ನಾನು ಚೆನ್ನಾಗಿದ್ದೇನೆ, ಹುಡುಕಬೇಡಿ ಎಂದು ತಾಯಿಗೆ ಒಂದು ಮೆಸೇಜ್ ಬಂತು. ಆಮೇಲೆ ಆ ನಂಬರಿಗೆ ಕರೆ ಹೋಗಲಿಲ್ಲ. ಟೀಚರ್ ಸಂಜೆ ಅದೇ ಹೊತ್ತಿಗೆ ಫೋನು ಮಾಡುವುದನ್ನು ಬಿಡಲಿಲ್ಲ. ನಾನು ಎಷ್ಟೋ ಸಲ ಪಕ್ಕದಲ್ಲಿ ಕೂತಿದ್ದೇನೆ. ಕಿವಿಗೆ ಹಿಡಿದು, ಯಂತ್ರದ ಹೆಂಗಸು ಅರ್ಧ ಹೇಳುವವರೆಗೆ ಕೇಳಿ, ಇಡುತ್ತಿದ್ದರು. ಬಿಳಿ ಕೋಟಿನ ಫೋಟೋವನ್ನು ಪರದೆಯಿಂದ ತೆಗೆಯಲೂ ಇಲ್ಲ. ಹೊತ್ತು ಹೇಳಲು ಮಾತ್ರ ಮತ್ತೆ ಕೈಗಡಿಯಾರ ನೋಡತೊಡಗಿದರು.

ಮುಂದಿನ ಜೂನಿನಲ್ಲಿ ಸಭೆ ಇರುವುದಿಲ್ಲ ಎಂದುಕೊಂಡಿದ್ದೆ. ಇತ್ತು. ಎಲ್ಲರಿಗೂ ಎಂದಿನಂತೆ ಕರೆ ಹೋಯಿತು, ಎಲ್ಲರೂ ಬಂದರು. ಒಬ್ಬರೂ ಅವರ ಮುಖ ನೋಡಲಿಲ್ಲ. ಅವರು ನಡುವೆ ನಿಂತು, ತರಗತಿಯಲ್ಲಿ ಕೇಳುವ ದನಿಯಲ್ಲೇ ಹೇಳಿದರು:

"ನಿಮಗೆಲ್ಲ ಗೊತ್ತಿತ್ತು."

ಜುಬೇದಾ ಅಳಲು ಶುರುಮಾಡಿದಳು. "ನೀವೇ ಅಲ್ವಾ ಟೀಚರ್ ಹೊರಗೆ ಹೇಳ್ಬಾರ್ದು ಅಂದದ್ದು? ಒಂದು ವರ್ಷ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದವರು ನೀವೇ ಅಲ್ವಾ? ನನ್ನ ಗಂಡನ ಹತ್ರ ಸಹ ಹೇಳ್ಲಿಲ್ಲ ನಾನು. ಅಲ್ಲಾಹನಾಣೆ, ನಿದ್ರೆ ಬರ್ತಿರ್ಲಿಲ್ಲ ನನಗೆ."

"ಹೌದು ಜುಬೇದಾ" ಎಂದರು ಟೀಚರ್. "ನಾನು ಹೇಳಿದ ಹಾಗೆಯೇ ನೀವು ಮಾಡಿದ್ದೀರಿ. ಒಬ್ರೂ ತಪ್ಪಲಿಲ್ಲ." ಆಮೇಲೆ ಮೊದಲು ಮಾತಾಡಬೇಕಾದ ಹುಡುಗಿಯ ತಾಯಿಯತ್ತ ತಿರುಗಿದರು. "ನೀವು ಬನ್ನಿ, ಚಹಾ ಮಾಡುವಾ" ಎಂದು ಅವಳನ್ನು ಕರೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿದರು.

ಅದೇ ಕೊನೆಯ ಸಭೆ. ಆ ಹುಡುಗಿ ಏನು ಹೇಳಿದಳೋ, ನನಗೆ ನೆನಪಿಲ್ಲ. ಯಾರಿಗೂ ಇರಲಿಕ್ಕಿಲ್ಲ.

ಅವರು ತೀರಿಕೊಂಡ ಮೇಲೆ ಶೈಮಾಳ ತಂದೆ ಜಿಜಾನಿನಿಂದ ಬಂದು ಮನೆ ಖಾಲಿ ಮಾಡಿದರು. ಮಗಳ ಇಕಾಮಾವನ್ನು, ಅಂದರೆ ಇಲ್ಲಿರುವ ಪರವಾನಗಿಯನ್ನು, ಅವರು ಮುಂದುವರಿಸಿರಲಿಲ್ಲ. ವಿಷಯ ತಿಳಿದರೂ ಅವಳಿಗೆ ಬರಲು ದಾರಿಯಿರಲಿಲ್ಲ. ಈಗ ಶಾಲೆಯಲ್ಲಿ ವೇದಿಕೆಯ ಕಾರ್ಯಕ್ರಮ ಮಾತ್ರ ನಡೆಯುತ್ತಿದೆ. ಸ್ಮರಣಿಕೆಗಳು ಮೊದಲಿಗಿಂತ ದೊಡ್ಡದಾಗಿವೆಯಂತೆ. ಮೊನ್ನೆ ಒಬ್ಬ ತಾಯಿ ನನಗೆ ಫೋನು ಮಾಡಿ ಮಗಳಿಗೆ ಯಾವ ಕಾಲೇಜು ಒಳ್ಳೆಯದು ಎಂದು ಕೇಳಿದಳು. ಹಳೆಯ ಹುಡುಗಿಯರನ್ನು ಕೇಳಿ ಎಂದು ಹೇಳಹೊರಟೆ. ಆದರೆ ಒಂದು ಕಾಲೇಜಿನ ಹೆಸರು ಹೇಳಿ ಫೋನಿಟ್ಟೆ.

ಶೈಮಾ ಫೋನು ಮಾಡಿದ್ದು ದಫನವಾಗಿ ವಾರದ ಮೇಲೆ. ಗುರುತಿಲ್ಲದ ನಂಬರು. ಯಾವ ಊರು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಾಯಿಯ ಕೊನೆಯ ದಿನದ ಬಗ್ಗೆ ಕೇಳಿದಳು. ಹೇಳಿದೆ. ಆಮೇಲೆ ಅವಳೇ ಮಾತು ತೆಗೆದಳು.

"ಆಂಟಿ, ಅವತ್ತು ನಾನು ಅಲ್ಲಿ ಹೇಳಿದ್ದು ಯಾಕೆ ಗೊತ್ತುಂಟಾ? ಯಾರಾದ್ರೂ ಉಮ್ಮನಿಗೆ ಹೇಳ್ತೀರಿ ಅಂತ. ಜುಬೇದಾಂಟಿ ಇದ್ರಲ್ಲ. ಸಂಜೆಯ ಒಳಗೆ ಹೇಳ್ತಾರೆ ಅಂತ ನಾನು ಕಾದುಕೂತಿದ್ದೆ. ದಿನಾ ಕಾದೆ. ಯಾರೂ ಹೇಳ್ಲಿಲ್ಲ."

"ನಾನು ಹೇಳ್ಲಿಕ್ಕೆ ಹೋಗಿದ್ದೆ, ಮಗಾ" ಎಂದೆ.

"ಉಮ್ಮ ಎಂತ ಹೇಳಿದ್ರು?"

"ಅವಳೇ ಹೇಳ್ತಾಳೆ ಅಂದ್ರು."

ಏನು ಹೇಳಿ ಮಾತು ಮುಗಿಸಬೇಕು ಎಂದು ನನಗೆ ತಿಳಿಯಲಿಲ್ಲ. ಹೀಗೆ ಮಾತು ತಿಳಿಯದೆ ಹೋಗುವುದು ನನಗೆ ಅಭ್ಯಾಸವಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ.

"ಊಟ ಆಯ್ತಾ?"

"ಆಯ್ತು ಆಂಟಿ."

"ಪಲ್ಯ ಎಂತದು?"

ಆ ಪ್ರಶ್ನೆಗೆ ಅವಳ ಬಳಿ ಯಾವಾಗಲೂ ಒಂದು ಉತ್ತರ ಸಿದ್ಧವಿರುತ್ತಿತ್ತು. ಅಂದು ಇರಲಿಲ್ಲ. ನಾನು ಫೋನು ಹಿಡಿದುಕೊಂಡು ಕಾದೆ. ಅವಳೂ ಇಡಲಿಲ್ಲ.